ಅಗುಳಿ ಜಡಿದ ಬಂದೂಕು

ಬಾಗಿಲಿಗೆ ಅಗುಳಿ ಜಡಿದರೆ ಅದು ಅಲುಗಾಡುವುದಿಲ್ಲ. ‘ಬೋಲ್ಟ್ ಆಕ್ಷನ್’ ರೈಫಲ್ಲಿನ ಗುಟ್ಟೂ ಇದೇ. ಪ್ರತಿ ಸಲವೂ ಬೋಲ್ಟನ್ನು ಕೈಯಿಂದಲೇ ಹಿಂದಕ್ಕೆಳೆದು, ಮುಂದೆ ತಳ್ಳಿ, ತಿರುಗಿಸಿ ಭದ್ರಪಡಿಸಬೇಕು. ತಾನಾಗಿಯೇ ತೋಟಾ ತುಂಬಿಕೊಳ್ಳುವ ಅನೇಕ ಬಂದೂಕುಗಳಲ್ಲಿ ಗುಂಡಿನ ಹಿಂದಿನ ಅನಿಲವೇ ಬಿಡಿಭಾಗಗಳನ್ನು ತಳ್ಳುತ್ತದೆ. ಇಲ್ಲಿ ಆ ಅಲುಗಾಟವಿಲ್ಲ. ಆದ್ದರಿಂದಲೇ ದೂರದ ಗುರಿಗೆ ಇದು ಹೆಚ್ಚು ನಂಬಿಕೆಯದು.

ಹಾಗೆಂದು ಗುಂಡು ನೇರ ಗೆರೆಯಲ್ಲಿ ಸಾಗುವುದಿಲ್ಲ. ಸಾವಿರ ಮೀಟರ್ ಕ್ರಮಿಸಲು ಅದಕ್ಕೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 10 ಮೀಟರ್, ಅಂದರೆ ಬೆಳ್ಳಾವಿ ಕಡೆಯ ತೋಟದ ಒಂದು ತೆಂಗಿನ ಮರದಷ್ಟು, ಕೆಳಗಿಳಿದಿರುತ್ತದೆ. ಗಾಳಿ ಪಕ್ಕಕ್ಕೂ ತಳ್ಳುತ್ತದೆ. ಇವನ್ನೆಲ್ಲ ಮೊದಲೇ ಲೆಕ್ಕ ಹಾಕುವುದೇ ಗುರಿಕಾರನ ವಿದ್ಯೆ.

ಭಾರತೀಯ ಸೇನೆ ಬಹುಕಾಲ ನೆಚ್ಚಿದ್ದ ಸೋವಿಯತ್ ಮೂಲದ ಡ್ರಾಗುನೋವ್ ತಾನಾಗಿ ತುಂಬಿಕೊಳ್ಳುವ ಬಗೆಯದು. ಅದರ ಪರಿಣಾಮಕಾರಿ ದೂರ ಸುಮಾರು 800 ಮೀಟರ್. ಗಡಿಯಲ್ಲಿ ಅದು ಸಾಲದಾದಾಗ 2019ರಲ್ಲಿ ಇಟಲಿ, ಅಮೆರಿಕಗಳ ಬೋಲ್ಟ್ ರೈಫಲ್ಲುಗಳು ಬಂದವು. ಸೈನಿಕನ ಪ್ರಾಣ ಪರದೇಶದ ಸರಬರಾಜನ್ನು ಅವಲಂಬಿಸುವ ಈ ಸ್ಥಿತಿಗೆ ಬೆಂಗಳೂರು ಒಂದು ಉತ್ತರ ಹುಡುಕಿತು. ಸ್ಪ್ರಿಂಗ್ ತಯಾರಿಕೆಗೆ ಹೆಸರಾದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಸಮೂಹದ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ ‘ವೈಪರ್’ ಮತ್ತು ‘ಸೇಬರ್’ ರೈಫಲ್ಲುಗಳನ್ನು ರೂಪಿಸಿತು. .338 ವ್ಯಾಸದ ಸೇಬರ್ 1,500 ಮೀಟರ್ ದೂರದ ಗುರಿಗಾಗಿ ರೂಪುಗೊಂಡದ್ದು. ಅದಕ್ಕೆ ಮಿತ್ರರಾಷ್ಟ್ರವೊಂದರ ಬೇಡಿಕೆ ಬಂದುದು 2024ರಲ್ಲಿ ಸುದ್ದಿಯಾಯಿತು.

ನಾಗರಿಕರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಸರ್ಕಾರಿ ಕಾರ್ಖಾನೆಯ .315 ರೈಫಲ್ಲು ಅವರಿಗಾಗಿಯೇ ಬಂದದ್ದು, ಅದೂ ಬೋಲ್ಟಿನದೇ. ಯಂತ್ರ ಎಷ್ಟೇ ನಿಖರವಾಗಿರಲಿ, ಗುರಿ ಯಾವುದೆಂದು ತೀರ್ಮಾನಿಸುವುದು ಮಾತ್ರ ಮನುಷ್ಯನೇ.