ಸೋನಾ ಮಸೂರಿಯ ಹಸಿವು

ನವಿ ಮುಂಬೈನ ತುರ್ಭೆಯ ದಾಣಾ ಮಾರ್ಕೆಟ್‌ನಲ್ಲಿ ಅಕ್ಕಿ ಕೊಳ್ಳಲು ಬಂದವರು ಮೊದಲು ಕೈ ಚಾಚುತ್ತಾರೆ. ವರ್ತಕ ಚೀಲಕ್ಕೆ ಮೊನಚು ಕೊಳವೆ ಚುಚ್ಚಿದರೆ ಹಿಡಿ ಅಕ್ಕಿ ಅಂಗೈಗೆ ಬೀಳುತ್ತದೆ. ಕಾಳು ಸಣ್ಣದಾ, ನುಚ್ಚು ಎಷ್ಟಿದೆ, ಹಳೆಯದೋ ಹೊಸದೋ? ವಿಚಾರಣೆ ಅಷ್ಟೇ. ಗದ್ದೆಯಲ್ಲಿ ಅದು ಎಷ್ಟು ಯೂರಿಯಾ ತಿಂದಿತ್ತು ಎಂದು ಯಾರೂ ಕೇಳುವುದಿಲ್ಲ. ಸೋನಾ ಮಸೂರಿಯ ಕತೆ ಶುರುವಾಗುವುದೇ ಗೊಬ್ಬರದಿಂದ.

1950ರ ದಶಕದಲ್ಲಿ ನಮ್ಮ ಇಂಡಿಕಾ ಭತ್ತಕ್ಕೆ ಗೊಬ್ಬರ ಹೆಚ್ಚಾದರೆ ಪೈರು ಎತ್ತರಕ್ಕೆ ಬೆಳೆದು ಮಲಗಿಬಿಡುತ್ತಿತ್ತು. ಜಪಾನಿಕಾ ಭತ್ತ ಅದೇ ಗೊಬ್ಬರವನ್ನು ಕಾಳಾಗಿಸುತ್ತಿತ್ತು. ಎರಡನ್ನೂ ಬೆಸೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸಂಕರಣ ನಡೆಯಿತು. ಆ ಯೋಜನೆಯ ಫಲವೇ ಮಹ್ಸೂರಿ. 1965ರಲ್ಲಿ ಮಲೇಷ್ಯಾದಲ್ಲಿ ಬಿಡುಗಡೆಯಾಗಿ, ಆಮೇಲೆ ನಮ್ಮ ಗದ್ದೆಗೂ ಬಂತು. ಆಂಧ್ರದ ಬಾಪಟ್ಲದಲ್ಲಿ ಅದಕ್ಕೆ ತೈಚುಂಗ್ ನೇಟಿವ್ 1 ತಳಿಯ ಗಿಡ್ಡತನ ಸೇರಿ 1986ರಲ್ಲಿ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204, ಹೊರಬಂತು. ಗಂಗಾವತಿ, ಸಿಂಧನೂರು ಕಡೆ ಬೆಳೆದು ಸೋನಾ ಮಸೂರಿ ಎಂದು ಮಾರಾಟವಾಗುವ ಅಕ್ಕಿಯಲ್ಲಿ ಇದಕ್ಕೆ ದೊಡ್ಡ ಪಾಲಿದೆ.

ಗಿಡ್ಡ ಪೈರು ಮಲಗಲಿಲ್ಲ, ಗೊಬ್ಬರ ಏರುತ್ತಲೇ ಹೋಯಿತು. ತುರ್ಭೆಯಿಂದ ಖಾಡಿಯಾಚೆಗಿನ ಟ್ರಾಂಬೆಯ ಕಾರ್ಖಾನೆಯ 'ಸುಫಲಾ' ಗೊಬ್ಬರದ ಚೀಲ ರೈತರ ಮನೆಮಾತಾಯಿತು. ಆದರೆ ಹಾಕಿದ ಸಾರಜನಕದಲ್ಲಿ ಏಕದಳ ಬೆಳೆಗಳ ಕಾಳಿಗೆ ಸೇರುವುದು ಸುಮಾರು ಮೂರನೇ ಒಂದು ಪಾಲು ಎಂದು 1999ರ ಜಾಗತಿಕ ಅಂದಾಜೊಂದು ಹೇಳಿತು. ಉಳಿದದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಹಾರುತ್ತದೆ, ನೈಟ್ರೇಟ್ ಆಗಿ ಬಾವಿಗಿಳಿಯುತ್ತದೆ, ನೈಟ್ರಸ್ ಆಕ್ಸೈಡ್ ಆಗಿ ಭೂಮಿಯನ್ನು ಕಾಯಿಸುತ್ತದೆ.

ಹಾಗಾಗಿ ತಳಿಗಾರರ ಗುರಿಯೇ ಕಡಿಮೆ ಗೊಬ್ಬರದಲ್ಲಿ ಬೆಳೆಯುವ ಭತ್ತದತ್ತ ತಿರುಗಿತು. ಪೂರ್ವ ಭಾರತದ ಹಳೆಯ 'ಕಸಲತ್' ಭತ್ತ ರಂಜಕ ಕಡಿಮೆಯಿದ್ದ ಮಣ್ಣಲ್ಲೂ ಬೇರು ಹರಡಿ ಬದುಕುತ್ತದೆ. ಅದಕ್ಕೆ ಕಾರಣವಾದ ಜೀನ್ 2012ರಲ್ಲಿ ಪತ್ತೆಯಾಯಿತು. ಎಷ್ಟೋ ಆಧುನಿಕ ತಳಿಗಳಲ್ಲಿ ಆ ಜೀನೇ ಇಲ್ಲ. ಗೊಬ್ಬರ ಹೊಟ್ಟೆತುಂಬ ಬಡಿಸಿದ ತಾಕಿನಲ್ಲಿ ಆರಿಸಿದ ಪೈರಿಗೆ ಮೇವು ಹುಡುಕುವ ಕಸುಬು ಬೇಕೇ ಇರಲಿಲ್ಲ.

2025ರ ಮೇ ತಿಂಗಳಲ್ಲಿ ಸರದಿ ಸಾಂಬಾ ಮಸೂರಿಗೇ ಬಂತು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಅದರ ಒಂದು ಜೀನನ್ನು ತಿದ್ದಿ ರೂಪಿಸಿದ 'ಕಮಲಾ' ತಳಿ ಆಗ ಪ್ರಕಟವಾಯಿತು. ಬೆಳವಣಿಗೆಯ ಹಾರ್ಮೋನಾದ ಸೈಟೊಕೈನಿನ್ ಅನ್ನು ಒಡೆಯುವ ಕಿಣ್ವಕ್ಕೆ ಕಡಿವಾಣ ಬಿದ್ದರೆ ತೆನೆಗೆ ಕಾಳು ಹೆಚ್ಚು. ಕಮಲಾ ಸಾರಜನಕವನ್ನೂ ಚೆನ್ನಾಗಿ ಬಳಸುತ್ತದೆ, ಸುಮಾರು 20 ದಿನ ಮೊದಲೇ ಮಾಗುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಪ್ರಯೋಗದ ಅಂಕಿಅಂಶಗಳ ಬಗ್ಗೆ ತಕರಾರೂ ಎದ್ದಿದೆ.

ಸಬ್ಸಿಡಿಯಲ್ಲಿ 45 ಕಿಲೋ ಯೂರಿಯಾ ಚೀಲಕ್ಕೆ ಮುನ್ನೂರು ರೂಪಾಯಿಯೂ ಆಗದಿರುವಾಗ ಮಿತವ್ಯಯದ ತಳಿಯನ್ನು ರೈತ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಮಾರುಕಟ್ಟೆ ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಕಮಲಾ ಗೆದ್ದರೆ, ಅನ್ನ ಸಾಂಬಾ ಮಸೂರಿಯದ್ದೇ ಆಗಿರುವುದರಿಂದ ಗೆಲ್ಲುತ್ತದೆ. ಗೊಬ್ಬರದ ಉಳಿತಾಯ ಆ ರುಚಿಯ ಬೆನ್ನೇರಿ ಬರಬೇಕಷ್ಟೆ.