ಕಡಲು ದಾಟಿದ ಮನೆ

ನಾವಿಕ ಕಡಲು ದಾಟೋದು ಸರಿ.
ಅವನ ಅಪ್ಪ-ಅಮ್ಮನ ಮನೆಯೇ ಕಡಲು ದಾಟಿದ್ದು ಕೇಳಿದ್ದೀರಾ?

ಇದು ಮೆಲ್ಬರ್ನ್, ಫಿಟ್ಜ್‌ರಾಯ್ ಗಾರ್ಡನ್ಸ್.
ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹೆತ್ತವರ ಮನೆ.
ಮೊದಲು ಇದ್ದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ!

1934ರಲ್ಲಿ ಮನೆ ಬಿಚ್ಚಿದರು.
253 ಪೆಟ್ಟಿಗೆ, 40 ಪೀಪಾಯಿ.
ಎಲ್ಲವೂ ಹಡಗು ಹತ್ತಿತು.
ಗೋಡೆಗೆ ಹಬ್ಬಿದ್ದ ಬಳ್ಳಿಯ ತುಂಡೂ ಬಂತು!

ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ
ಹಳೇ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದಾರಲ್ಲ?
ಹಾಗೇ ಇದನ್ನೂ ಮತ್ತೆ ಕಟ್ಟಿದರು.

ಬಾಗಿಲ ಮೇಲೆ ನೋಡಿ.
ಜೆ, ಜಿ, 1755.
ಅಪ್ಪ ಜೇಮ್ಸ್, ಅಮ್ಮ ಗ್ರೇಸ್, ಮನೆ ಕಟ್ಟಿದ ವರ್ಷ.
ಮಗ ಅದೇ ವರ್ಷ ನೌಕಾಪಡೆ ಸೇರಿದ.
ಅಂದರೆ, ಇದು ಅವನು ಆಡಿ ಬೆಳೆದ ಮನೆಯಲ್ಲ.

1770ರಲ್ಲಿ ಕುಕ್ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ನಕ್ಷೆ ಬರೆದ.
ಆದರೆ ಆ ನೆಲದಲ್ಲಿ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬಾಳುತ್ತಿದ್ದರು.
ಅವರು ತೊಗಟೆ ಸುಲಿದ ಮರದ ಬೊಡ್ಡೆಯೊಂದು ಇದೇ ತೋಟದಲ್ಲಿದೆ.
ಅದನ್ನು ನೋಡದೆ ಹೊರಡಬೇಡಿ.