ಸೆರೆಂಗೆಟಿಗೆ ಹೊರಡುವ ಮುನ್ನ ಮಳೆಯ ಲೆಕ್ಕ

ಆಫ್ರಿಕಾ ಪ್ರವಾಸವೆಂದರೆ ಕೋಟ್ಯಧೀಶರ ಶೋಕಿ ಎಂಬ ಕಾಲ ಹೋಯಿತು. ನಿವೃತ್ತಿಯ ಗಂಟು ಕೈಗೆ ಬಂದಾಗ, ಇಲ್ಲವೇ ಮಕ್ಕಳು ಸಂಪಾದನೆಗೆ ತೊಡಗಿದ ಮೇಲೆ, ಸಿಂಹ, ಜಿರಾಫೆಗಳನ್ನು ಅವುಗಳ ನೆಲದಲ್ಲೇ ನೋಡಿ ಬರೋಣವೆಂದು ಹೊರಡುವ ಮಧ್ಯಮ ವರ್ಗದ ಕುಟುಂಬಗಳು ನಮ್ಮಲ್ಲೂ ಇವೆ. ವನ್ಯಜೀವಿ, ಜನಜೀವನ, ಕಡಲತೀರ ಮೂರನ್ನೂ ಒಂದೇ ದೇಶದಲ್ಲಿ ಕಾಣಬೇಕೆನ್ನುವವರಿಗೆ ಪೂರ್ವ ಆಫ್ರಿಕಾದ ಟಾಂಜಾನಿಯ ಹೇಳಿ ಮಾಡಿಸಿದ ದೇಶ. ಆದರೆ ಜೀವಮಾನದಲ್ಲಿ ಒಮ್ಮೆ ಮಾಡುವ ಈ ಖರ್ಚು ಸಾರ್ಥಕವಾಗುವುದೋ ವ್ಯರ್ಥವಾಗುವುದೋ ಎಂಬುದು ಬಹುಮಟ್ಟಿಗೆ ಹೊರಡುವ ತಿಂಗಳಿನ ಮೇಲೆ ನಿಂತಿದೆ.

ಬೇಸಿಗೆ ರಜೆ ಬೇಡ

ನಮ್ಮ ಶಾಲೆಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ರಜೆ. ಟಾಂಜಾನಿಯದಲ್ಲಿ ಅದೇ ‘ಮಸಿಕಾ’, ಅಂದರೆ ದೊಡ್ಡ ಮಳೆಯ ಕಾಲ. ಸೂರ್ಯ ವರ್ಷಕ್ಕೆರಡು ಸಲ ಸಮಭಾಜಕ ವೃತ್ತವನ್ನು ದಾಟುತ್ತಾನೆ. ಮಳೆಯ ಪಟ್ಟಿಯೂ ಅವನ ಹಿಂದೆಯೇ ಸರಿಯುತ್ತದೆ. ಹೀಗಾಗಿ ಅಲ್ಲಿ ಎರಡು ಮಳೆಗಾಲ: ಮಾರ್ಚ್‌ನಿಂದ ಮೇವರೆಗೆ ಮಸಿಕಾ, ನವೆಂಬರ್-ಡಿಸೆಂಬರ್‌ನಲ್ಲಿ ‘ವುಲಿ’ ಎಂಬ ಸಣ್ಣ ಮಳೆ. ಮಸಿಕಾದಲ್ಲಿ ಕಾಡಿನ ಮಣ್ಣುರಸ್ತೆಗಳು ಕೆಸರುಗದ್ದೆಯಾಗುತ್ತವೆ, ಕೆಲವು ವಸತಿಗೃಹಗಳು ಬಾಗಿಲು ಹಾಕುತ್ತವೆ. ಏಪ್ರಿಲ್ ತಿಂಗಳಿಗೆ ಭಾರೀ ರಿಯಾಯಿತಿ ಕೊಡುವ ಜಾಹೀರಾತುಗಳ ಹಿಂದಿನ ಗುಟ್ಟು ಇದೇ. ಮಕ್ಕಳೊಂದಿಗೆ ಹೋಗುವವರು ದಸರಾ ರಜೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಅಲ್ಲಿ ಒಣ ಹವೆ. ನೀರು ಉಳಿದಿರುವ ಕಡೆಯೇ ಪ್ರಾಣಿಗಳು ಸೇರುವುದರಿಂದ ಅವು ಕಣ್ಣಿಗೆ ಬೀಳುವುದೂ ಸುಲಭ.

ಹುಲ್ಲಿನ ಹಿಂದೆ ಹದಿಮೂರು ಲಕ್ಷ

ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿ.ಮೀ. ಅಲ್ಲಿನ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್‌ಗಳು ವರ್ಷವಿಡೀ ಒಂದು ದೊಡ್ಡ ಸುತ್ತು ಹಾಕುತ್ತಿರುತ್ತವೆ. ಇದಕ್ಕೆ ಕಾರಣ ಮಣ್ಣಿನಲ್ಲಿದೆ. ದಕ್ಷಿಣದ ಬಯಲಿನ ಮೇಲೆ ಹಿಂದೆ ಜ್ವಾಲಾಮುಖಿಗಳ ಬೂದಿ ಸುರಿದಿದೆ. ಆ ಮಣ್ಣಿನ ಗಿಡ್ಡ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಹೇರಳ. ಬಸುರಿ, ಬಾಣಂತಿ ಹಸುವಿಗೆ ಇವೆರಡೂ ಎಷ್ಟು ಮುಖ್ಯವೆಂಬುದು ದನ ಕಟ್ಟಿದ ಯಾರಿಗೂ ಗೊತ್ತು. ಆದ್ದರಿಂದಲೇ ಮಳೆ ಬಿದ್ದು ಹುಲ್ಲು ಚಿಗುರಿದಾಗ ಹಿಂಡುಗಳು ಇಲ್ಲಿಗೆ ಬಂದು, ಫೆಬ್ರುವರಿಯ ಆಸುಪಾಸಿನ ಕೆಲವೇ ವಾರಗಳಲ್ಲಿ ಲಕ್ಷಾಂತರ ಕರುಗಳನ್ನು ಈಯುತ್ತವೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರು ಎದ್ದು ನಿಲ್ಲುತ್ತದೆ. ಎಲ್ಲವೂ ಒಟ್ಟಿಗೇ ಹುಟ್ಟುವುದರಿಂದ ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ಬಹುಪಾಲು ಉಳಿಯುತ್ತವೆ.

ಮೇ ಕಳೆದರೆ ದಕ್ಷಿಣದ ಬಯಲು ಒಣಗಿ ನೀರೂ ಇಲ್ಲದಂತಾಗುತ್ತದೆ. ಹಿಂಡು ಉತ್ತರಕ್ಕೆ ನಡೆದು, ಜುಲೈನಿಂದ ಅಕ್ಟೋಬರ್ ಒಳಗೆ ಮೊಸಳೆಗಳಿರುವ ಮಾರಾ ನದಿಯನ್ನು ದಾಟುತ್ತದೆ. ಫೆಬ್ರುವರಿಗೆ ಹೋದರೆ ದಕ್ಷಿಣದಲ್ಲಿ, ಸೆಪ್ಟೆಂಬರ್-ಅಕ್ಟೋಬರ್‌ಗೆ ಹೋದರೆ ಉತ್ತರದಲ್ಲಿ ವಸತಿ ಇರಲಿ. ತಿಂಗಳು ಸರಿಯಿದ್ದೂ ವಸತಿ ತಪ್ಪಾದರೆ ಹಿಂಡನ್ನು ಕಾಣಲು ದಿನವಿಡೀ ಜೀಪಿನಲ್ಲಿ ಕುಲುಕಾಡಬೇಕಾದೀತು. ನದಿ ದಾಟುವ ದೃಶ್ಯವನ್ನಂತೂ ಯಾರೂ ಖಾತರಿ ಕೊಡಲಾರರು. ದಡದಲ್ಲಿ ವಾಹನಗಳು ಮುತ್ತಿಕೊಂಡರೆ ಪ್ರಾಣಿಗಳು ಬೆದರಿ ಹಿಂದೆ ಸರಿಯುತ್ತವೆ. ‘ದೂರದಲ್ಲೇ ನಿಲ್ಲಿಸಪ್ಪಾ’ ಎಂದು ಚಾಲಕನಿಗೆ ಮೊದಲೇ ಹೇಳಿಬಿಡಿ. ಪ್ರವಾಸಿಗರು ಒತ್ತಾಯಿಸುತ್ತಾರೆಂದೇ ಹೆಚ್ಚಿನವರು ನುಗ್ಗಿಸುವುದು.

ಮಾಸಾಯಿಗಳ ನೆಲ

ಅರುಷಾ ಪಟ್ಟಣದಿಂದ ಸೆರೆಂಗೆಟಿಗೆ ಹೋಗುವ ದಾರಿಯಲ್ಲೇ ಎನ್‌ಗೊರೊಂಗೊರೊ ಸಿಗುತ್ತದೆ. ಕುಸಿದ ಪುರಾತನ ಜ್ವಾಲಾಮುಖಿಯೊಂದರ ಬೋಗುಣಿ ಅದು; ಆಳ ಸುಮಾರು 600 ಮೀಟರ್, ತಳದ ವಿಸ್ತಾರ ಸುಮಾರು 260 ಚದರ ಕಿ.ಮೀ. ಸಿಂಹ, ಆನೆ, ಅಪರೂಪದ ಕಪ್ಪು ಖಡ್ಗಮೃಗ ಎಲ್ಲವೂ ಅದರೊಳಗಿವೆ. ಅಂಚು ಎರಡು ಸಾವಿರ ಮೀಟರ್‌ಗೂ ಎತ್ತರದಲ್ಲಿದೆ, ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು. ಸಮೀಪದ ಓಲ್ಡುವಾಯ್ ಕಮರಿಯಲ್ಲಿ 1959ರಲ್ಲಿ ಮೇರಿ ಲೀಕಿ ಅವರಿಗೆ ಸುಮಾರು ಹದಿನೇಳೂವರೆ ಲಕ್ಷ ವರ್ಷ ಹಳೆಯ ತಲೆಬುರುಡೆ ಸಿಕ್ಕಿತು. ಅಲ್ಲಿ ಒಂದು ಗಂಟೆಯಾದರೂ ನಿಲ್ಲಿ.

ಅದೇ 1959ರಲ್ಲಿ, ಸೆರೆಂಗೆಟಿಯನ್ನು ಪ್ರಾಣಿಗಳಿಗೆ ಬಿಟ್ಟುಕೊಟ್ಟ ಮಾಸಾಯಿ ದನಗಾಹಿಗಳಿಗೆ ಎನ್‌ಗೊರೊಂಗೊರೊದಲ್ಲಿ ನೆಲೆಸುವ ಹಕ್ಕು ದೊರೆಯಿತು. ಈಗ ಜನ, ದನ ಎರಡೂ ಹೆಚ್ಚಿವೆಯೆಂದು ಸರ್ಕಾರ 2022ರಿಂದ ಅವರನ್ನು ದೂರದ ಹಂಡೇನಿ ಜಿಲ್ಲೆಗೆ ಕಳುಹಿಸತೊಡಗಿದೆ. ಇದು ಸ್ವಇಚ್ಛೆಯ ಸ್ಥಳಾಂತರವೆಂದು ಸರ್ಕಾರ ಹೇಳಿದರೆ, ಒತ್ತಾಯದ್ದೆಂಬುದು ಅನೇಕ ಮಾಸಾಯಿಗಳ ದೂರು. 2024ರ ಆಗಸ್ಟ್‌ನಲ್ಲಿ ಸಾವಿರಾರು ಮಂದಿ ಪ್ರವಾಸಿಗರ ರಸ್ತೆಗೇ ಇಳಿದು ಪ್ರತಿಭಟಿಸಿದರು. ನಾಗರಹೊಳೆಯ ಹಾಡಿಗಳ ಕಥೆ ಬಲ್ಲ ನಮಗೆ ಇದು ಹೊಸದಲ್ಲ. ಪ್ರವಾಸಿಯ ಡಾಲರಿಗೂ ಈ ವ್ಯಾಜ್ಯಕ್ಕೂ ನಂಟಿರುವುದರಿಂದ, ಮಾಸಾಯಿ ಹಟ್ಟಿಗೆ ಕರೆದೊಯ್ಯುವ ಏಜೆಂಟರನ್ನು ಒಂದು ಮಾತು ಕೇಳಿ: ನಾವು ಕೊಡುವ ಹಣದಲ್ಲಿ ಊರಿಗೆ ಸೇರುವುದೆಷ್ಟು? ಸೆಗಣಿ, ಮಣ್ಣಿನಿಂದ ಆ ಮನೆಗಳನ್ನು ಕಟ್ಟುವವರು ಹೆಂಗಸರೇ. ಅವರು ಮಾಡಿದ ಮಣಿಸರಗಳನ್ನು ಅವರಿಂದಲೇ ಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ.

ಲವಂಗದ ದ್ವೀಪ

ಕೊನೆಯ ಮೂರು ದಿನ ಜಾಂಜಿಬಾರ್‌ಗೆ ಮೀಸಲಿರಲಿ. ಮಳೆಗಾಲಕ್ಕೆ ಮುನ್ನ ನಮ್ಮ ಪಶ್ಚಿಮ ಕರಾವಳಿಯ ಕಡೆ ಹಾಯಿ ಹಡಗುಗಳನ್ನು ತಂದ ‘ಕುಸಿ’ ಗಾಳಿ ಬೀಸುವುದು ಇಲ್ಲೇ. ಆಫ್ರಿಕಾದ ಕರಾವಳಿಯ ಪಕ್ಕದಲ್ಲಿ ಸಮಭಾಜಕವನ್ನು ದಾಟಿ ತಿರುಗುವ ಆ ಗಾಳಿಯೇ ನಮಗೆ ಮುಂಗಾರನ್ನು ಹೊತ್ತು ತರುವುದು. ಈ ನಂಟು ಸ್ವಾಹಿಲಿ ಭಾಷೆಯಲ್ಲೂ ಉಳಿದಿದೆ: ಅಂಗಡಿಗೆ ‘ಡುಕಾ’, ವಾಹನಕ್ಕೆ ‘ಗಾರಿ’, ತಿನ್ನಲು ‘ಚಪಾತಿ’. ಸ್ಟೋನ್ ಟೌನ್‌ನಲ್ಲಿ, 1873ರಲ್ಲಿ ಮುಚ್ಚಿದ ಗುಲಾಮರ ಸಂತೆಯ ಜಾಗವನ್ನು ತಪ್ಪದೆ ನೋಡಿ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರೂ ಆಫ್ರಿಕಾದಿಂದ ಬಂದವರೇ.

ದ್ವೀಪದ ಪೂರ್ವ ತೀರದಲ್ಲಿ ಇಳಿತದ ವೇಳೆ ಸಮುದ್ರ ನೂರಾರು ಮೀಟರ್ ಹಿಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಈಜುವಂತಿಲ್ಲ. ಹೆಂಗಸರು ಕಡಲಕಳೆಯ ಬೇಸಾಯ ಮಾಡುವುದನ್ನು ನೋಡಬಹುದು. ದಿನವಿಡೀ ಈಜಬೇಕೆನ್ನುವವರಿಗೆ ಉತ್ತರದ ನುಂಗ್ವಿ ತೀರ ಅನುಕೂಲ.

ಗಂಟು ಕಟ್ಟುವ ಮೊದಲು

ಎನ್‌ಗೊರೊಂಗೊರೊ ಬಳಿ ಎರಡು ರಾತ್ರಿ, ಸೆರೆಂಗೆಟಿಯಲ್ಲಿ ಮೂರು, ಜಾಂಜಿಬಾರ್‌ನಲ್ಲಿ ಮೂರು, ಅರುಷಾದಲ್ಲಿ ಒಂದು, ಹೀಗೆ ಒಂಬತ್ತು ರಾತ್ರಿ ಸಾಕು. ಉದ್ಯಾನಗಳ ಶುಲ್ಕ ತಲೆಗಿಷ್ಟು, ದಿನಕ್ಕಿಷ್ಟು ಎಂದು ಡಾಲರಿನಲ್ಲಿದೆ. ಪ್ಯಾಕೇಜಿನಲ್ಲಿ ಅದು ಸೇರಿದೆಯೇ ಎಂದು ಬರೆಸಿಕೊಳ್ಳಿ. ಕೀನ್ಯಾ ಅಥವಾ ಇಥಿಯೋಪಿಯಾ ಮೂಲಕ ಹೋಗಿ ಬರುವವರು ಹಳದಿ ಜ್ವರದ ಚುಚ್ಚುಮದ್ದನ್ನು ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ಹಿಂತಿರುಗಿದಾಗ ನಮ್ಮ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ಅಲ್ಲಿ ನಿಷೇಧವಿದೆ. ಚಕ್ಕುಲಿ, ಚಟ್ನಿಪುಡಿಯನ್ನು ಬಟ್ಟೆಚೀಲದಲ್ಲೇ ಒಯ್ಯಿರಿ.